ಸ್ನಾನಘಟ್ಟದಲ್ಲಿ ರಾಷ್ಟ್ರಗೀತೆ

ತಪ್ಪಿದ್ದರೆ ಕ್ಷಮಿಸಬೇಕು, ಇದನ್ನೆಲ್ಲ ಹೇಳುವಷ್ಟು ದೊಡ್ಡವಳಲ್ಲ ನಾನು, ಆದರೂ ಧೈರ್ಯ ಮಾಡಿ ಹೇಳುತ್ತಿದ್ದೇನೆ — ಹೀಗೇ ಶುರುಮಾಡಬೇಕು, ಕೋಟೆಯ ಮುಂದೆ ನಿಂತಾಗ ಮೊದಲು ಬಾಯಿಂದ ಬರಬೇಕಾದದ್ದು ಇದೇ, ಎಂದು ಪ್ರೇಮಲೀಲಾ ಮನಸ್ಸಿನಲ್ಲಿ ಹತ್ತನೇ ಸಲವೋ ಹನ್ನೊಂದನೇ ಸಲವೋ ಹೇಳಿಕೊಳ್ಳುತ್ತಿರುವಾಗ ಡ್ರೈವರನ ತಲೆಯ ಮೇಲಿನ ಕನ್ನಡಿಗೆ ಸಿಕ್ಕಿಸಿದ್ದ ಕಾಗದದ ಬಾವುಟ ಗಾಳಿಗೆ ಪಟಪಟ ಬಡಿದುಕೊಂಡಿತು, ಅಯ್ಯೋ ತಲೆಕೆಳಗಾಗಿದೆಯೇನೋ, ಇಲ್ಲ, ಕೇಸರಿ ಮೇಲೇ ಇದೆ, ಸದ್ಯ, ಇಲ್ಲದಿದ್ದರೆ ಮುಂದಿನ ಸೀಟಿನಲ್ಲಿರುವ ಮಾವ ಬಸ್ಸನ್ನೇ ನಿಲ್ಲಿಸಿಬಿಡುತ್ತಿದ್ದರು. ಮಾವ ಸಿದ್ದಲಿಂಗಸ್ವಾಮಿ ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು, ರಿಟೈರಾಗಿ ಹದಿಮೂರು ವರ್ಷ ಕಳೆದರೂ ಅವರ ಬೆನ್ನು ಇವತ್ತಿಗೂ ಸೀಟಿಗೆ ತಾಗುವುದಿಲ್ಲ, ನೋಡಿದರೆ ತನ್ನ ಬೆನ್ನೂ ನೆಟ್ಟಗಾಗುತ್ತದೆ, ಆಯಿತು ನೋಡು, ಆಗಿಯೇಬಿಟ್ಟಿತು. ಪಕ್ಕದಲ್ಲಿ ಮಗಳು ಶಿವಾನಿ, ಒಂಬತ್ತು ವರ್ಷ, ಎದೆಗೆ ಚುಚ್ಚಿದ ಬಾವುಟದ ಪಿನ್ನನ್ನು ಬಿಚ್ಚಿ ಹಾಕಿ ಬಿಚ್ಚಿ ಹಾಕಿ ಬೆರಳಿಗೆ ಚುಚ್ಚಿಸಿಕೊಂಡಾಗಿದೆ, ಆಚೆ ನಾದಿನಿ ಬಿಂದುಶ್ರೀ, ತಲೆಗೆ ಎರಡು ಮಾರು ಮಲ್ಲಿಗೆ, ಅತ್ತಿಗೆ ಇವತ್ತು ನಮ್ ಗೈಡು, ಕೋಲು ಛತ್ರಿ ಎಲ್ಲಾ ತಂದಿದ್ದೀರಾ ಅತ್ತಿಗೆ, ಎಂದು ಹೊರಟಾಗಿನಿಂದ ರೇಗಿಸುತ್ತಿದ್ದಾಳೆ, ಗಂಡ ಮಹಾಂತೇಶ್ ಸೀಟಿದ್ದರೂ ಬಾಗಿಲ ಹತ್ತಿರ ನಿಂತು ಕಂಡಕ್ಟರನ ಜೊತೆ ಟೈರಿನ ಮಾತಾಡುತ್ತಿದ್ದಾನೆ, ಟೈರ್ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ರಜದ ದಿನವೂ ಟೈರೇ. ಕುಂಬಾರಕೊಪ್ಪಲಿನ ಮನೆಯಿಂದ ಐದೂವರೆಗೆ ಹೊರಟದ್ದು, ಬಸ್‌ಸ್ಟ್ಯಾಂಡಿನವರೆಗೆ ದಾರಿಯುದ್ದಕ್ಕೂ ಬಿಳಿ ಸಮವಸ್ತ್ರದ ಮಕ್ಕಳು, ಒಬ್ಬಳ ಒಂದು ಜಡೆಗೆ ಹಸಿರು ಟೇಪು ಇನ್ನೊಂದಕ್ಕೆ ಕೇಸರಿ, ಮೈಸೂರಿಗೆ ಮೈಸೂರೇ ಸ್ನಾನ ಮಾಡಿ ಪೌಡರು ಹಾಕಿಕೊಂಡು ಕೂತಂತಿತ್ತು, ಎದೆಯೊಳಗೆ ಏನೋ ಕುಣಿಯುತ್ತಿದೆ, ಹೆದರಿಕೆಯೋ ಖುಷಿಯೋ ಎರಡೂ ಒಂದೇ ಥರ ಕುಣಿಯುತ್ತವೆ. ಹೋದ ವರ್ಷ ಇದೇ ದಿನ ಇದೇ ಶ್ರೀರಂಗಪಟ್ಟಣಕ್ಕೆ ಬಂದಾಗ ಕೋಟೆ ಬಾಗಿಲಲ್ಲಿ ಒಬ್ಬ ಗೈಡು ಗಂಟುಬಿದ್ದು ಬಾಯಿಗೆ ಬಂದ ಇಸವಿ ಹೇಳುತ್ತ ಹೋದ, ಮಾವ ತಿರುಗಿ ಎಲ್ಲರ ಮುಂದೆ ಕೇಳಿದರು, ಏನಮ್ಮ, ನೀನು ಸಂಜೆ ಕಾಲೇಜಲ್ಲಿ ಹಿಸ್ಟ್ರಿ ಓದ್ತಿದ್ದೀಯಲ್ಲ, ಇವನು ಹೇಳ್ತಿರೋದು ಸರೀನಾ? ತಾನು ಬಾಯಿಬಿಡಲಿಲ್ಲ, ಕಾಲಿನ ಹೆಬ್ಬೆರಳು ನೋಡುತ್ತ ನಿಂತೆ, ಹಗಲೆಲ್ಲ ಲಷ್ಕರ್ ಮೊಹಲ್ಲಾದ ಟೈಪಿಂಗ್ ಅಂಗಡಿಯಲ್ಲಿ ಊರವರ ಅರ್ಜಿ ಕುಟ್ಟಿ ಸಂಜೆ ಆರರಿಂದ ಒಂಬತ್ತು ಬೆಂಚಿನ ಮೇಲೆ ತೂಕಡಿಸುತ್ತ ಓದಿದ್ದು ಒಂದಕ್ಷರವೂ ನಾಲಿಗೆಗೆ ಬರಲಿಲ್ಲ. ಮೂವತ್ತೆರಡನೇ ವಯಸ್ಸಿಗೆ ಕಾಲೇಜು ಸೇರುತ್ತೇನೆಂದಾಗ ಮಾವ ಬೇಡ ಅನ್ನಲಿಲ್ಲ, ಓದು, ಆದ್ರೆ ತಪ್ಪು ಓದ್ಬೇಡ, ಅಷ್ಟೇ ಅಂದಿದ್ದರು, ಆ ಮಾತು ಮೂರು ವರ್ಷದಿಂದ ಬೆನ್ನಿಗೆ ಅಂಟಿಕೊಂಡು ಬಂದಿದೆ. ಈ ಸಲ ಗೈಡು ಬೇಡ, ನಾನೇ ಹೇಳ್ತೀನಿ ಮಾವ, ಎಂದು ತನ್ನ ಬಾಯಿಂದಲೇ ಬಂತಲ್ಲ, ಯಾರು ಹೇಳಿಸಿದರೋ, ಬ್ಯಾಗಿನಲ್ಲಿ ಹದಿನಾಲ್ಕು ಹಾಳೆ ಟೈಪು ಮಾಡಿದ ನೋಟ್ಸಿದೆ, ಚಿತ್ರಾನ್ನದ ಡಬ್ಬಿಯ ಎಣ್ಣೆ ತಾಗದಿದ್ದರೆ ಸಾಕು.

ಗುರುವಾರ, ಆಗಸ್ಟ್ ಹದಿನೈದು, ಎರಡು ಸಾವಿರದ ಎರಡು — ಇವತ್ತಿನ ತಾರೀಕು ಗ್ಯಾರಂಟಿಯಾಗಿ ಗೊತ್ತಿದೆ, ಅದೊಂದಾದರೂ ತಪ್ಪುವುದಿಲ್ಲ ಎಂದುಕೊಂಡು ನಗು ಬಂತು, ಆಗಲೇ ಬಸ್ಸಿಳಿದು ಹೊಳೆಯ ಕಡೆ ನಡೆದಾಗಿತ್ತು, ಯಾಕೆಂದರೆ ಮೊದಲು ಹೊಳೆ, ಆಮೇಲೆ ಕೋಟೆ, ಮಾವ ಇನ್ನೂ ಒಂದು ಗುಟುಕು ನೀರೂ ಕುಡಿದಿಲ್ಲ, ಸ್ನಾನವಾಗಿ ಲಿಂಗಪೂಜೆಯಾಗದೆ ಅವರು ಏನನ್ನೂ ಬಾಯಿಗೆ ಹಾಕಿದವರಲ್ಲ, ಕಾವೇರಿಯಲ್ಲೇ ಮುಳುಗು ಹಾಕಿ ಘಟ್ಟದ ಮೇಲೇ ಪೂಜೆ ಮುಗಿಸ್ತೀನಿ ಎಂದು ನಿನ್ನೆಯೇ ಹೇಳಿದ್ದರು, ತಾನೂ ಎದೆಯ ಮೇಲೆ ಲಿಂಗ ಕಟ್ಟಿಕೊಂಡವಳೇ, ಆದರೆ ತನ್ನ ಪೂಜೆ ಎರಡು ನಿಮಿಷದ್ದು, ಕುಕ್ಕರು ಕೂಗುವುದರೊಳಗೆ ಮುಗಿಯುವಂಥದ್ದು, ಅವರದು ಇಪ್ಪತ್ತು ನಿಮಿಷ, ಗಡಿಯಾರ ನೋಡಿ ಹೇಳಬಹುದು. ಸ್ನಾನಘಟ್ಟದ ಕಲ್ಲುಮೆಟ್ಟಿಲು ಬೆಳಗಿನ ಬಿಸಿಲಿಗೆ ಬೆಚ್ಚಗಾಗುತ್ತಿದೆ, ಮಳೆ ಸರಿಯಾಗಿ ಬಾರದೆ ಹೊಳೆ ಸಣ್ಣಗಾಗಿದೆ, ಮೆಟ್ಟಿಲ ಹತ್ತಿರ ಮೊಣಕಾಲುದ್ದ, ಆಚೆ ಸೊಂಟದುದ್ದ, ಅಲ್ಲಲ್ಲಿ ಕರಿಬಂಡೆ ಬೆನ್ನು ತೋರಿಸುತ್ತಿದೆ, ಶಿವಾನಿ ಫ್ರಾಕಿನ ಸಮೇತ ಇಳಿದೇಬಿಟ್ಟಳು, ಏಯ್ ಜಾರ್ತದೆ ಮಗಾ ಉಷಾರು, ಎಂದು ಮೆಟ್ಟಿಲ ಮೇಲೆ ಹರಿಗೋಲು ಕವುಚಿ ಅದರ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದ ಮುದುಕ ಕೂಗಿದ, ನಂಜಯ್ಯನಂತೆ ಅವನ ಹೆಸರು, ಮಹಾಂತೇಶನಿಗೆ ಎರಡೇ ನಿಮಿಷದಲ್ಲಿ ಸ್ನೇಹ, ನೀರಿಲ್ಲದ ಮೇಲೆ ಹರಿಗೋಲು ಎಂಗೆ ಬುಡಾದು ಸ್ವಾಮಿ, ಕವುಚಾಕಂಡು ಕೂತಿವ್ನಿ, ಎಂದು ನಗುತ್ತಾನೆ. ಮಾವ ಮೂರು ಮುಳುಗು ಹಾಕಿ ಎದ್ದರು, ಎಪ್ಪತ್ತೊಂದರ ಮೈ ಎಂದು ಯಾರೂ ಹೇಳುವಂತಿಲ್ಲ, ಹಣೆಗೆ ತೋಳಿಗೆ ಎದೆಗೆ ವಿಭೂತಿ, ಒದ್ದೆ ಪಂಚೆಯಲ್ಲೇ ಕೊನೆಯ ಮೆಟ್ಟಿಲ ಮೇಲೆ ನೀರಿಗೆ ಮುಖಮಾಡಿ ಕೂತು ಬೆಳ್ಳಿಯ ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡರು, ಬೋರೆಹಣ್ಣಿನಷ್ಟು, ಕಪ್ಪಗೆ, ನುಣ್ಣಗೆ, ಅಷ್ಟು ದೂರದಿಂದ ಅವಳಿಗೆ ಕಂಡದ್ದು ಅಷ್ಟೇ, ಅದಕ್ಕಿಂತ ಹತ್ತಿರದಿಂದ ಅದನ್ನು ಮನೆಯಲ್ಲಿ ಯಾರೂ ನೋಡಿಲ್ಲ, ಅದು ಅವರಿಗೆ ಎಂಟನೇ ವಯಸ್ಸಿನಲ್ಲಿ ಮಠದ ಬುದ್ಧಿಯವರು ಕಟ್ಟಿದ್ದು, ಅರವತ್ತಮೂರು ವರ್ಷ ಅದೇ ಲಿಂಗ ಅದೇ ಅಂಗೈ. ಮನೆಗೆ ಬೆಂಕಿ ಬಿದ್ದರೂ ಲಿಂಗಪೂಜೆಗೆ ಕೂತವರನ್ನ ಕೂಗಬಾರದು ಕಣೇ ಹುಡುಗಿ, ಎಂದು ಮದುವೆಯಾಗಿ ಬಂದ ಮೊದಲ ದಿನವೇ ಅತ್ತೆ ಹೇಳಿಕೊಟ್ಟಿದ್ದರು, ಅತ್ತೆ ಈಗ ಇಲ್ಲ, ಮಾತು ಇದೆ. ಸರಿ, ಇಪ್ಪತ್ತು ನಿಮಿಷ ಇದೆಯಲ್ಲ, ನೋಟ್ಸು ಇನ್ನೊಂದು ಸಲ ನೋಡೋಣ, ಮೇ ನಾಲ್ಕು, ಸಾವಿರದ ಏಳುನೂರ ತೊಂಬತ್ತೊಂಬತ್ತು, ಶನಿವಾರ, ಮಧ್ಯಾಹ್ನ, ಹೊಳೆ ಬತ್ತಿತ್ತು, ಬ್ರಿಟಿಷರ ಸೈನ್ಯ ಹೊಳೆಯನ್ನು ಕಾಲ್ನಡಿಗೆಯಲ್ಲೇ ದಾಟಿತು —

ಆಗ ಘಟ್ಟದ ಹಿಂದೆ ಯಾವುದೋ ಶಾಲೆಯ ಮೈಕು ಕಿರ್ರೆಂದು ಕಿರುಚಿ, ಯಾರೋ ಹಲೋ ಹಲೋ ಎಂದು ಊದಿ, ಏಕಾಏಕಿ ರಾಷ್ಟ್ರಗೀತೆ ಶುರುವಾಯಿತು, ನೂರು ಮಕ್ಕಳ ದನಿ, ಒಂದು ದನಿ ಎಲ್ಲರಿಗಿಂತ ಮುಂದೆ ಓಡುತ್ತಿದೆ, ಪ್ರೇಮಲೀಲಾ ಕಾಲು ಕೂಡಿಸಿ ನಿಂತಳು, ಘಟ್ಟವೆಲ್ಲ ನಿಂತಿತು, ಬಟ್ಟೆ ಒಗೆಯುತ್ತಿದ್ದ ಹೆಂಗಸು ಎತ್ತಿದ ಸೀರೆಯ ಸಮೇತ, ತಲೆಗೆ ಸೋಪು ಹಚ್ಚಿಕೊಂಡವನು ಕಣ್ಣು ಮುಚ್ಚಿಕೊಂಡೇ, ನಂಜಯ್ಯ ಬೀಡಿಯನ್ನು ಬೆನ್ನ ಹಿಂದೆ ಹಿಡಿದು, ಬಿಂದುಶ್ರೀ ಮಹಾಂತೇಶ ಇಬ್ಬರೂ ಸೊಂಟದುದ್ದ ನೀರಿನಲ್ಲಿ ಕಂಬ, ಶಿವಾನಿ ಹಲ್ಲು ಕಟಕಟ ಅನ್ನಿಸುತ್ತಲೇ ಅಟೆನ್ಷನ್, ಮೈ ಜುಂ ಅಂದಿತು, ಎಷ್ಟು ಚೆಂದ, ಹೊಳೆಯೊಂದೇ ಅಲ್ಲಾಡುತ್ತಿದೆ — ಆದರೆ ಮಾವ? ಮಾವ ಕೂತೇ ಇದ್ದಾರೆ. ಕೇಳಿಸಿಲ್ಲವೇ, ಎಡಗಿವಿ ಮಂದ, ಮೈಕು ಹಿಂದೆ ಎಡಕ್ಕೇ ಇದೆ, ಪೂಜೆಗೆ ಕೂತರೆ ಬಲಗಿವಿಯೂ ಮಂದವೇ, ಇಡೀ ಘಟ್ಟದಲ್ಲಿ ಕೂತಿರುವವರು ಅವರೊಬ್ಬರೇ, ಯಾರು, ರಾಷ್ಟ್ರಗೀತೆ ಕೇಳಿಸಿದರೆ ಹೆಣ ಹೊತ್ತವನೂ ನಿಲ್ಲಬೇಕು ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದವರು, ಐದು ವರ್ಷದ ಮಹಾಂತೇಶ ಇಂಥದೇ ಹದಿನೈದರಂದು ಮೂಗು ಕೆರೆದುಕೊಂಡನೆಂದು ಎಲ್ಲರೆದುರು ಬಾರಿಸಿದವರು, ಆಮೇಲೆ ಯಾರಾದರೂ ಹೇಳಿದರೆ, ನೀವು ಕೂತೇ ಇದ್ದಿರಿ ಅಂತ, ಬಿಂದು ಹೇಳದೆ ಇರುವಳೇ, ಅವರು ತಮ್ಮನ್ನು ತಾವು ಕ್ಷಮಿಸುವುದಿಲ್ಲ, ತಿಂಗಳುಗಟ್ಟಲೆ ಅದನ್ನೇ ಮೆಲುಕು ಹಾಕುತ್ತಾರೆ, ಗೊತ್ತಿದ್ದೂ ನೀನ್ಯಾಕಮ್ಮ ಹೇಳ್ಲಿಲ್ಲ ಅನ್ನುತ್ತಾರೆ, ಆದರೆ ಲಿಂಗಪೂಜೆ, ಬೆಂಕಿ ಬಿದ್ದರೂ ಕೂಗಬಾರದು, ಅತ್ತೆಯ ಮಾತು ದೊಡ್ಡದೋ ಮಾವನ ಮಾತು ದೊಡ್ಡದೋ, ಐವತ್ತೆರಡು ಸೆಕೆಂಡಿನಲ್ಲಿ ಎಷ್ಟು ಕಳೆಯಿತು, ಅರ್ಧವಾದರೂ ಕಳೆದಿರಬೇಕು, ಇನ್ನು ಸುಮ್ಮನಿದ್ದರೂ ಮುಗಿಯುತ್ತದೆ, ಸುಮ್ಮನಿರು, ಸುಮ್ಮನಿರು ಎಂದುಕೊಳ್ಳುತ್ತಲೇ ಎರಡು ಮೆಟ್ಟಿಲಿಳಿದು, ತಾನೇ ಅಟೆನ್ಷನ್ ಮುರಿದು, ಅವರ ಬಲಗಿವಿಯ ಹತ್ತಿರ ಬಗ್ಗಿ, ಮಾವ, ರಾಷ್ಟ್ರಗೀತೆ, ಎಂದಳು. ಸ್ಪ್ರಿಂಗಿನಂತೆ ಎದ್ದರು. ಎಡಗೈಯ ಬೆರಳುಗಳು ತಾವಾಗಿ ಮಡಚಿ ಮುಷ್ಟಿಯಾದವು, ಹೆಬ್ಬೆರಳು ಮುಂದೆ, ಮುಷ್ಟಿ ತೊಡೆಯ ಪಕ್ಕಕ್ಕೆ, ಮಕ್ಕಳಿಗೆ ಕಲಿಸಿದ ಹಾಗೇ, ಮುಷ್ಟಿಯೊಳಗೆ ಲಿಂಗ, ಗದ್ದ ಮೇಲೆ, ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿದೆ, ಅಬ್ಬ, ಸರಿ ಮಾಡಿದೆ, ತಾನು ಸರಿ ಮಾಡಿದೆ ಎಂದು ಎದೆ ಉಬ್ಬಿತು, ಕಡೆಯ ಸಾಲು ಬಂತು, ಮುಗಿಯಿತು, ಇನ್ನೇನು ಕೂರುತ್ತಾರೆ — ಬೋಲೋ ಭಾರತ್ ಮಾತಾ ಕೀ, ಎಂದು ಮೈಕು ಕೂಗಿತು, ಮೂವತ್ತೊಂದು ವರ್ಷ ಅದನ್ನು ಕೂಗಿಸಿದ ಎರಡೂ ತೋಳುಗಳು ಯಾರನ್ನೂ ಕೇಳದೆ ಆಕಾಶಕ್ಕೆ ಚಿಮ್ಮಿದವು, ಜೈ! ಬೆರಳು ಬಿಚ್ಚಿದವು. ಬಿಸಿಲಿನಲ್ಲಿ ಒಂದು ಕಪ್ಪು ಚುಕ್ಕೆ ಮೇಲೇರಿತು, ಅಲ್ಲೇ ಒಂದು ಗಳಿಗೆ ನಿಂತ ಹಾಗೆ ಕಂಡಿತು, ಗುಳುಕ್.

ಮೈಕು ಈಗ ಸಿಹಿ ಹಂಚಲಾಗುವುದು ಮಕ್ಕಳು ಸಾಲಾಗಿ ಬರಬೇಕು ಅನ್ನುತ್ತಿತ್ತು, ಮಾವ ತಮ್ಮ ಎಡ ಅಂಗೈ ನೋಡಿಕೊಂಡರು, ಬಲ ಅಂಗೈಯನ್ನೂ ನೋಡಿಕೊಂಡರು, ಆಮೇಲೆ ಅದೇ ಮೆಟ್ಟಿಲ ಮೇಲೆ ಅದೇ ಥರ ಕೂತು ಎಡ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡರು, ಬೈಯಲಿಲ್ಲ, ಒಂದು ಮಾತು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ತನ್ನಿಂದಲೇ ಆಯಿತು ಮಾವ, ನಾನು ಕೂಗಬಾರದಿತ್ತು, ಎಂದರೆ, ನೀನು ಸರಿಯಾಗೇ ಕೂಗ್ದೆ ಕಣಮ್ಮ, ಕೈ ನನ್ದು, ಎಂದಷ್ಟೇ ಹೇಳಿ, ನೀವೆಲ್ಲ ತಿಂಡಿ ತಿನ್ನಿ, ಅದು ಸಿಗೋವರ್ಗೂ ನಾನು ಇಲ್ಲೇ ಕೂತಿರ್ತೀನಿ, ಎಂದರು. ಇಲ್ಲೇ ಅಂದರೆ ಇಲ್ಲೇ, ಅವರ ಅಜ್ಜನ ತಮ್ಮ ಯಾರೋ ಲಿಂಗ ಕಳೆದುಕೊಂಡು ಒಂಬತ್ತು ದಿನ ನೀರೂ ಮುಟ್ಟದೆ ಕೂತಿದ್ದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಹತ್ತನೇ ದಿನ ಏನಾಯಿತು ಎಂದು ಯಾರೂ ಹೇಳುವುದಿಲ್ಲ, ಮಾವನ ಸಕ್ಕರೆ ಕಾಯಿಲೆಯ ಮಾತ್ರೆ ಎಂಟೂವರೆಗೆ ತಗೊಳ್ಳಬೇಕು, ತಿಂಡಿಯ ಜೊತೆ, ಬ್ಯಾಗಿನಲ್ಲಿದೆ, ನೋಟ್ಸಿನ ಕೆಳಗೆ, ಈಗ ಎಂಟೂ ಹತ್ತು. ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಎಲ್ಲರೂ ಇಳಿದರು. ಎಲ್ ಬಿತ್ತು ಎಲ್ ಬಿತ್ತು, ಇಲ್ಲೇ ಕಣ್ರೀ ಈ ಬಂಡೆ ಪಕ್ಕ, ಅಲ್ಲ ಅಲ್ಲ ಇನ್ನೂ ಆಚೆ, ನಾನ್ ನೋಡ್ದೆ, ಎಂದು ಸೋಪಿನವನು ಒಂದು ಕಣ್ಣು ಬಿಟ್ಟು ಹೇಳುತ್ತಾನೆ, ಕಣ್ಮುಚ್ಕೊಂಡಿದ್ದೋನು ನೀನೆಂಗಪ್ಪ ನೋಡ್ದೆ, ಎಂದು ಬಟ್ಟೆಯ ಹೆಂಗಸು, ಬಿಂದುಶ್ರೀ ವೇಲು ಬಿಚ್ಚಿ ಜರಡಿಯಂತೆ ಹಿಡಿದು ಮರಳು ಜಾಲಿಸುತ್ತಿದ್ದಾಳೆ, ಮಲ್ಲಿಗೆ ತೇಲಿಕೊಂಡು ಹೋಗುತ್ತಿದೆ, ಅಪ್ಪಾಜಿ ಒಂದೇ ಕೈ ಎತ್ತಿದ್ರೆ ಆಗ್ತಿರಲಿಲ್ವ, ಎಂದು ಮಹಾಂತೇಶ ಪಿಸುಗುಟ್ಟಿದ, ಸುಮ್ನಿರಣ್ಣ, ಅವ್ರು ಅರ್ಧ ಯಾವತ್ ಮಾಡಿದ್ದಾರೆ, ಎಂದು ಬಿಂದು, ನಗಬಾರದ ಹೊತ್ತಿನಲ್ಲಿ ಇಬ್ಬರಿಗೂ ನಗು, ತನಗೂ ನಗು, ನಗುವಿನ ಜೊತೆಗೇ ಅಳು, ಕಾಲಡಿ ಕಲ್ಲು ಕಲ್ಲು ಕಲ್ಲು, ಎಲ್ಲವೂ ದುಂಡಗೆ, ಎಲ್ಲವೂ ನುಣ್ಣಗೆ, ಎತ್ತಿದರೆ ಬೂದು, ಎತ್ತಿದರೆ ಕಂದು, ಎಸೆದು ಮತ್ತೆ ಬಗ್ಗುವುದು, ನಂಜಯ್ಯ ಹರಿಗೋಲು ಬಿಟ್ಟು ಬಂದು ಸೊಂಟ ಬಗ್ಗಿಸಿ ಬಂಡೆ ಸಂದಿಗೆ ಕೈ ತೂರಿಸುತ್ತ, ಸಿಗ್ತದೆ ಬುಡು ತಾಯಿ, ಈ ಗುಂಡಿ ಬುಟ್ಟು ಎಲ್ಲೂ ಓಗಕಿಲ್ಲ, ಇಲ್ಲಿ ನಿಮ್ಮೋರ ಲಿಂಗ ಏನು ಕಮ್ಮಿ ಅವಾ, ಮುಕ್ಕಾದವು, ಹಳೇವು, ಎಲ್ಲಾ ತಂದು ಇಲ್ಲೇ ಬುಡ್ತಾರೆ, ಹೊಳೆ ಬತ್ತಿದಾಗ ನಾನೇ ಕಂಡಿವ್ನಿ, ಎಂದ, ಸಮಾಧಾನಕ್ಕೆ ಹೇಳಿದ್ದು, ಅವಳು ಆ ಮಾತನ್ನು ಕೇಳಿಸಿಕೊಂಡು ಬಿಟ್ಟುಬಿಟ್ಟಳು, ಕೇಳಿಸಿಕೊಳ್ಳುವ ಹೊತ್ತು ಅದಲ್ಲ, ಎಂಟೂ ಮೂವತ್ತೈದು, ದೇವರೇ, ಎಂಟೂ ನಲವತ್ತು, ಮಾವನ ಬೆನ್ನು ಇನ್ನೂ ನೆಟ್ಟಗೇ ಇದೆ, ಅಂಗೈ ಬಿಚ್ಚಿಟ್ಟ ಹಾಗೇ ಇದೆ. ಆಗ ಬಂಡೆಯ ಆಚೆ ಮುಳುಗಿದ್ದ ಶಿವಾನಿ ಬುಸ್ಸೆಂದು ಎದ್ದಳು, ಮೂಗಿನಲ್ಲಿ ನೀರು, ಕಣ್ಣು ಕೆಂಪು, ಕೈ ಮೇಲೆ, ತಾತಾ! ಸಣ್ಣ ಒದ್ದೆ ಅಂಗೈಯಲ್ಲಿ ಕಪ್ಪಗೆ, ನುಣ್ಣಗೆ, ಬೋರೆಹಣ್ಣಿನಷ್ಟು.

ಘಟ್ಟವೇ ಚಪ್ಪಾಳೆ ಹೊಡೆಯಿತು, ಬಟ್ಟೆಯ ಹೆಂಗಸು ಒಗೆಯುವ ಕಲ್ಲಿನ ಮೇಲೆ ಸೀರೆಯನ್ನು ಒಮ್ಮೆ ಜೋರಾಗಿ ಬಡಿದಳು, ಅದೇ ಪಟಾಕಿ, ಮಹಾಂತೇಶ ಮಗಳನ್ನು ಎತ್ತಿ ಹೆಗಲಿಗೇರಿಸಿಕೊಂಡು ಮಾವನ ಮುಂದೆ ಇಳಿಸಿದ, ಮಾವ ಎರಡೂ ಕೈ ಬೊಗಸೆ ಮಾಡಿ ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು, ಹೊಳೆಯ ನೀರಿನಲ್ಲಿ ತೊಳೆದರು, ಎಡ ಅಂಗೈಯಲ್ಲಿಟ್ಟುಕೊಂಡು ನೋಡಿದರು, ನೋಡಿದರು, ನೋಡುತ್ತಲೇ ಇದ್ದರು, ಆಮೇಲೆ ಮೊದಲಿನಿಂದ ಪೂಜೆಗೆ ಕೂತರು, ಈ ಸಲ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚೇ ಆಯಿತು, ಆಗಲಿ, ಎಷ್ಟಾದರೂ ಆಗಲಿ, ಬಂತಲ್ಲ, ಸಿಕ್ಕಿತಲ್ಲ, ಕರಡಿಗೆ ಮುಚ್ಚುವ ಟಕ್ ಎಂಬ ಸದ್ದು ಕೇಳಿದ ಮೇಲೆ ಅವಳು ಉಸಿರು ಬಿಟ್ಟದ್ದು, ಹಾಕಮ್ಮ ಚಿತ್ರಾನ್ನ, ಹೊಟ್ಟೆ ತಾಳ ಹಾಕ್ತಿದೆ, ಎಂದರಲ್ಲ ಮಾವ, ಮಾತ್ರೆ ನುಂಗಿ ಎರಡು ಸಲ ಹಾಕಿಸಿಕೊಂಡರು, ನಂಜಯ್ಯನಿಗೂ ಎಲೆಯಲ್ಲಿ ಕೊಡಿಸಿದರು, ಒದ್ದೆ ಬಟ್ಟೆ ಮೈಮೇಲೇ ಒಣಗುತ್ತಿದ್ದರೂ ಅವಳಿಗೆ ಚಳಿಯಿಲ್ಲ, ಮೈಯೆಲ್ಲ ಹಗುರ, ಇನ್ನು ಯಾವ ಕೋಟೆಯಾದರೇನು, ಯಾವ ಇಸವಿಯಾದರೇನು, ಕೋಟೆ ಒಡೆದ ಜಾಗದಲ್ಲಿ, ಗೋಡೆ ಬಿದ್ದು ಹೊಳೆ ಕಾಣುವ ಕಡೆ, ನಾಲ್ಕು ಜನರ ಮುಂದೆ ನಿಂತು ಬಾಯಿ ತೆರೆದಾಗ ಕ್ಷಮೆ ಕೇಳುವುದೇ ಮರೆತುಹೋಯಿತು, ನೋಟ್ಸೂ ತೆಗೆಯಲಿಲ್ಲ, ಆ ಮಧ್ಯಾಹ್ನವೂ ಹೊಳೆ ಹೀಗೇ ಬತ್ತಿತ್ತು, ಇಲ್ಲಿಂದಲೇ ಬಂದರು, ಇದೇ ಕಲ್ಲುಗಳ ಮೇಲೆ ಜಾರಿ ಎದ್ದು ಬಂದರು, ಎಂದಳು, ಈಗ ತಾನೇ ತಾನು ಜಾರಿ ಎದ್ದು ಬಂದ ಕಲ್ಲುಗಳು ಅಂಗಾಲಿನಲ್ಲಿ ಇನ್ನೂ ಚುಚ್ಚುತ್ತಿದ್ದವು, ಮಾತು ಅಲ್ಲಿಂದಲೇ ಬಂತು, ನಾಲ್ಕು ಜನ ಹತ್ತಾದರು, ಹತ್ತು ಇಪ್ಪತ್ತು, ಯಾದವಗಿರಿಯಿಂದ ಕಾರಿನಲ್ಲಿ ಬಂದ ಸಂಸಾರವೊಂದು ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಕೇಳಿತು, ಕನ್ನಡಕದ ಒಬ್ಬರು ಕೈಯೆತ್ತಿದರು, ಹೊಳೆ ದಾಟಿದ ಸೈನಿಕರು ಎಷ್ಟು ಜನ ಮೇಡಂ? ಮೇಡಂ ಅಂದರಲ್ಲ, ತನ್ನನ್ನೇ, ಒಂದು ಸಂಖ್ಯೆ ಹೇಳಿಬಿಡಬಹುದು, ಯಾರಿಗೆ ಗೊತ್ತಾಗುತ್ತದೆ, ಮಾವ ಗದ್ದ ಎತ್ತಿ ನೋಡುತ್ತಿದ್ದಾರೆ, ಎರಡು ಪುಸ್ತಕದಲ್ಲಿ ಎರಡು ಥರ ಇದೆ ಸರ್, ಯಾವುದು ಸರಿ ಅಂತ ನನಗೆ ಗೊತ್ತಿಲ್ಲ, ಎಂದುಬಿಟ್ಟಳು. ಮುಗಿಯಿತು, ಮಾನ ಹೋಯಿತು ಎಂದುಕೊಂಡಳು. ಜನ ಚದುರಿದ ಮೇಲೆ ಮಾವ ಹತ್ತಿರ ಬಂದರು, ಗೊತ್ತಿಲ್ದೆ ಇರೋದನ್ನ ಗೊತ್ತಿಲ್ಲ ಅಂದ್ಯಲ್ಲ, ಅಷ್ಟು ಜನದ ಮುಂದೆ, ಅದು ಕಣಮ್ಮ ಓದು ಅಂದ್ರೆ, ಮೂವತ್ತೊಂದು ವರ್ಷ ಸರ್ವೀಸಲ್ಲಿ ನಾನು ಒಂದ್ಸಲಾನೂ ಹೇಳಿದ್ದಿಲ್ಲ ಆ ಮಾತ್ನ. ಬಿಂದುಶ್ರೀ ಎರಡೂ ಕೈ ಎತ್ತಿ ಜೈ ಎಂದು ಅಣಕಿಸಿದಳು, ಅಪ್ಪನ ಎದುರಿಗೇ, ಮಾವನೂ ನಕ್ಕರು, ನಗುತ್ತ ಎದೆಯ ಮೇಲಿನ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡರು.

ವಾಪಸು ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಕೂದಲು ಬಾಯಿಗೆ ಬರುತ್ತಿದೆ, ಅದು ಕಣಮ್ಮ ಓದು, ಅದು ಕಣಮ್ಮ ಓದು, ಚಕ್ರಗಳೂ ಅದನ್ನೇ ಹೇಳುತ್ತಿವೆ, ನಾಳೆ ಟೈಪಿಂಗ್ ಅಂಗಡಿಯಲ್ಲಿ ಇದನ್ನು ಯಾರಿಗೆ ಮೊದಲು ಹೇಳುವುದು, ಹೇಗೆ ಹೇಳಿದರೆ ಜಂಬ ಅನ್ನಿಸುವುದಿಲ್ಲ, ಎಂ.ಎ.ಗೂ ಕಟ್ಟಬಹುದೇ, ಕಟ್ಟಿದರೆ ಮಾವ ಈಗ ಏನನ್ನಬಹುದು, ಎಂದು ಮನಸ್ಸು ಒಂದು ಕಡೆ ನಿಲ್ಲದೆ ಹಾರುತ್ತಿರುವಾಗ ತೊಡೆಯ ಮೇಲೆ ತಲೆಯಿಟ್ಟಿದ್ದ ಶಿವಾನಿ, ನಿದ್ದೆ ಹೋಗಿದ್ದಾಳೆ ಎಂದುಕೊಂಡಿದ್ದ ಶಿವಾನಿ, ಅಮ್ಮಾ, ಎಂದಳು, ಅಲ್ಲಿ ಎರಡಿತ್ತು. ಏನು ಎರಡು? ತಾತನ್ದು. ಕಲ್ಲಿನ ಸಂದೀಲಿ, ಪಕ್ಕಪಕ್ಕ. ಎರಡೂ ಒಂದೇ ಥರ ಇದ್ವು. ಒಂದು ಕೈಗೆ ಸಿಕ್ತು, ಇನ್ನೊಂದು ಒಳಗೆ ಜಾರೋಯ್ತು. ಅಲ್ಲೇ ಯಾಕೆ ಹೇಳ್ಲಿಲ್ಲ ಪುಟ್ಟೀ, ಎಂದು ತನ್ನ ದನಿ ತನಗೇ ಕೇಳಿಸದಷ್ಟು ಮೆಲ್ಲಗೆ ಕೇಳಿದರೆ, ಎಲ್ಲಾರೂ ಚಪ್ಪಾಳೆ ಹೊಡೆದ್ರಲ್ಲಮ್ಮ, ಎಂದು ಮಗಳು ಮಗ್ಗುಲು ಬದಲಿಸಿ ನಿಜವಾಗಿಯೂ ನಿದ್ದೆ ಹೋದಳು. ಎರಡು. ನೀರಿನೊಳಗೆ, ಕಲ್ಲಿನ ಸಂದಿಯಲ್ಲಿ, ಪಕ್ಕಪಕ್ಕ ಎರಡು. ಮಕ್ಕಳ ಮಾತು, ಕಲ್ಲನ್ನೇ ನೋಡಿರಬಹುದು, ಸಾವಿರ ಕರಿಕಲ್ಲಿದ್ದವಲ್ಲ — ಇದ್ದವೇ, ತಾನು ಎತ್ತಿದ್ದೆಲ್ಲ ಬೂದು, ಕಂದು, ಒಂದೂ ಕಪ್ಪಿರಲಿಲ್ಲ, ಹಳೇವು ಎಲ್ಲಾ ತಂದು ಇಲ್ಲೇ ಬುಡ್ತಾರೆ ಎಂದನಲ್ಲ ಮುದುಕ. ಮುಂದಿನ ಸೀಟಿನಲ್ಲಿ ಮಾವನ ಬೆನ್ನು, ಅದರ ಆಚೆ ಅವರ ಎದೆ, ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ — ಯಾರದು, ಯಾರೋ ಮುಕ್ಕಾಗಿದೆಯೆಂದು ಬಿಟ್ಟುಹೋದದ್ದೇ, ಯಾರೋ ಕಾಣದ ಮನುಷ್ಯನ ಅರವತ್ತು ವರ್ಷದ್ದೇ, ಮಾವನದು ಅಲ್ಲೇ ಇದೆಯೇ, ಮರಳೊಳಗೆ ಇನ್ನಷ್ಟು ಇಳಿಯುತ್ತ, ಬಸ್ಸು ಮೈಸೂರಿನ ಕಡೆ ಓಡಿದಷ್ಟೂ ದೂರವಾಗುತ್ತ. ಅವರಿಗೆ ಗೊತ್ತಾಗದೆ ಇರುತ್ತದೆಯೇ, ಅರವತ್ತಮೂರು ವರ್ಷ ದಿನಕ್ಕೆ ಎರಡು ಸಲ ನೋಡಿದ್ದು, ಅಂಗೈಗೇ ತೂಕ ಗೊತ್ತಿರುತ್ತದೆ, ಹಾಗಾದರೆ ಅದು ಅವರದೇ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತಿದ್ದರೇ, ಆದರೆ ಅಷ್ಟು ಹೊತ್ತು ಯಾಕೆ ನೋಡಿದರು, ಮೊಮ್ಮಗಳು ಚಳಿಗೆ ನಡುಗುತ್ತ ಕೈಚಾಚಿ ನಿಂತಿದ್ದಳು, ಘಟ್ಟವೆಲ್ಲ ಚಪ್ಪಾಳೆ ಹೊಡೆಯುತ್ತಿತ್ತು, ತಾನು ಅಳುತ್ತಿದ್ದೆ, ಅಷ್ಟೆಲ್ಲದರ ಮುಂದೆ ಇದು ನನ್ದಲ್ಲ ಎಂದು ಯಾವ ಮನುಷ್ಯ ಹೇಳಬಲ್ಲ, ಮಾವ ಹೇಳಬಲ್ಲರು, ಅವರು ಹೇಳಬಲ್ಲರು ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಕುಂಬಾರಕೊಪ್ಪಲಿನ ಮನೆಯಲ್ಲಿ ಸಂಜೆ ಆರು ಗಂಟೆ, ಮಹಾಂತೇಶ ಪಕ್ಕದ ಮನೆಯವರಿಗೆ ಬೆಳಗಿನ ಕಥೆ ಹೇಳುತ್ತಿದ್ದಾನೆ, ಎರಡೂ ಕೈ ಎತ್ತಿ ತೋರಿಸುತ್ತಿದ್ದಾನೆ, ಅಲ್ಲಿಂದ ನಗು ಇಲ್ಲಿಗೆ ಕೇಳಿಸುತ್ತಿದೆ, ಪ್ರೇಮಲೀಲಾ ಬಿಲ್ವಪತ್ರೆಯ ತಟ್ಟೆ ಹಿಡಿದು ದೇವರಕೋಣೆಯ ಹೊಸ್ತಿಲಲ್ಲಿ ನಿಂತಿದ್ದಾಳೆ, ಮಾವ ಸ್ನಾನ ಮಾಡಿ ವಿಭೂತಿ ಹಚ್ಚಿ ಕೂತಿದ್ದಾರೆ, ಇನ್ನೂ ಕರಡಿಗೆ ಬಿಚ್ಚಿಲ್ಲ, ಬಿಚ್ಚಿದ ಮೇಲೆ ಮಾತಾಡಿಸುವಂತಿಲ್ಲ, ಹೇಳುವುದಾದರೆ ಈಗಲೇ ಹೇಳಬೇಕು, ಮಾವ, ಅಲ್ಲಿ ಎರಡಿತ್ತಂತೆ, ಮೂರೇ ಮಾತು, ಹೇಳಿದರೆ ಇವತ್ತು ರಾತ್ರಿಯಿಂದಲೇ ಊಟ ಬಿಡುತ್ತಾರೆ, ಹೊಳೆಗೆ ಹೋಗುತ್ತಾರೆ, ಅಲ್ಲಿ ಸಿಗದಿದ್ದರೆ ಮಠಕ್ಕೆ, ಹೇಳದಿದ್ದರೆ ದಿನಕ್ಕೆರಡು ಸಲ ಇಪ್ಪತ್ತಿಪ್ಪತ್ತು ನಿಮಿಷ ಯಾರದೋ — ಇಲ್ಲ, ಅವರದೇ, ಅವರದೇ ಇರಬೇಕು, ಅವರಿಗೆ ಗೊತ್ತಿದ್ದೇ ಸುಮ್ಮನಿದ್ದಾರೆಂದರೆ ತಾನು ಬಾಯಿಬಿಟ್ಟು ಅವರ ಸುಮ್ಮನಿರುವಿಕೆಯನ್ನು ಒಡೆದ ಹಾಗಾಗುತ್ತದೆ, ಗೊತ್ತಿಲ್ಲದೆ ಸುಮ್ಮನಿದ್ದಾರೆಂದರೆ ತಾನು ಬಾಯಿ ಮುಚ್ಚಿಕೊಂಡು ಅವರಿಗೆ ಮೋಸ ಮಾಡಿದ ಹಾಗಾಗುತ್ತದೆ, ಬೆಳಿಗ್ಗೆ ಎರಡು ಮೆಟ್ಟಿಲಿಳಿದ ಕಾಲು ಈಗ ಒಂದು ಹೊಸ್ತಿಲು ದಾಟುತ್ತಿಲ್ಲ. ಯಾಕಮ್ಮ ನಿಂತ್ಬುಟ್ಟೆ, ಪತ್ರೆ ಇಡು, ಎಂದರು ಮಾವ, ಮೆತ್ತಗೆ, ಅವಳ ಮುಖ ನೋಡಿದರು, ಏನೋ ಹೇಳುವವರಂತೆ ಕಂಡಿತು, ಅಥವಾ ಏನನ್ನೋ ಹೇಳಬೇಡ ಎನ್ನುವವರಂತೆ, ಆಮೇಲೆ ಕಣ್ಣು ಕೆಳಗೆ ಹಾಕಿ ಕರಡಿಗೆಯ ಮುಚ್ಚಳಕ್ಕೆ ಹೆಬ್ಬೆರಳು ಕೊಟ್ಟರು. ಅವಳು ತಟ್ಟೆ ಇಟ್ಟಳು. ಎಡ ಅಂಗೈ ಬಿಚ್ಚಿತು. ಅವಳು ನೋಡಲಿಲ್ಲ, ನೋಡಿದರೂ ತಿಳಿಯುವುದಿಲ್ಲ, ಕಣ್ಣ ಮುಂದೆ ಇರುವುದು ಅಂಗೈಯಲ್ಲ, ನೀರು, ಬಿಸಿಲು ಇಳಿದು ಅಲುಗುವ ನೀರು, ಕಲ್ಲಿನ ಸಂದಿ, ಮಗುವಿನ ಬೆರಳು, ಪಕ್ಕಪಕ್ಕ ಎರಡು, ಕಪ್ಪಗೆ, ನುಣ್ಣಗೆ, ಒಂದೇ ಥರ. ಬೆರಳು ಯಾವುದರ ಕಡೆ ಹೋಯಿತು. ಗೊತ್ತಿಲ್ಲ. ಮಾವನಿಗೆ ಗೊತ್ತಿದೆಯೇ, ಅದೂ ಗೊತ್ತಿಲ್ಲ. ಎರಡು. ನೀರಿನೊಳಗೆ, ಪಕ್ಕಪಕ್ಕ, ಎರಡು.